ಚೀಸ್ ಪೈ ಹುಡುಕಿಕೊಂಡು ಆಸ್ಟೋರಿಯಾಕ್ಕೆ

ಬಸುರಿಯಾದ ಮೊದಲ ತಿಂಗಳುಗಳಲ್ಲಿ ನನಗೆ ಒಗ್ಗರಣೆಯ ವಾಸನೆ ಆಗುತ್ತಿರಲಿಲ್ಲ. ಸಾಸಿವೆ ಸಿಡಿದ ಸದ್ದು ಕೇಳಿದರೇ ಬಾತ್‌ರೂಮಿಗೆ ಓಡುತ್ತಿದ್ದೆ. ನಾವಿರುವುದು ನ್ಯೂಯಾರ್ಕ್ ಪಕ್ಕದ ಹಿಕ್ಸ್‌ವಿಲ್‌ನಲ್ಲಿ. ಮನೆಯಿಂದ ಸ್ಟೇಷನ್‌ವರೆಗೂ ಇಂಡಿಯನ್ ಅಂಗಡಿಗಳೇ. ಕರಿದ ಸಮೋಸ, ಹುರಿದ ಜೀರಿಗೆ, ಅಗರಬತ್ತಿ ಎಲ್ಲ ಒಟ್ಟಿಗೆ ಮೂಗಿಗೆ ಬಂದು, ಟ್ರೈನ್ ಹತ್ತುವ ಮೊದಲೇ ಹೊಟ್ಟೆ ತೊಳಸುತ್ತಿತ್ತು.

ಆ ದಿನಗಳಲ್ಲಿ ನನ್ನನ್ನು ಕಾಪಾಡಿದ್ದು ಮ್ಯಾನ್‌ಹಟನ್‌ನಲ್ಲಿ ನಮ್ಮ ಆಫೀಸಿನ ಕೆಳಗಿದ್ದ ಒಂದು ಚಿಕ್ಕ ಕಾಫಿ ಅಂಗಡಿ. ನಡೆಸುತ್ತಿದ್ದವರು ಗ್ರೀಕ್ ದಂಪತಿ. ಗಾಜಿನ ಪೆಟ್ಟಿಗೆಯಲ್ಲಿ ತ್ರಿಕೋನಾಕಾರದ ಚೀಸ್ ಪೈಗಳನ್ನು ಬಿಸಿಯಾಗಿ ಇಟ್ಟಿರುತ್ತಿದ್ದರು. ಅವರ ಭಾಷೆಯಲ್ಲಿ ಅದು ತಿರೋಪಿತಾ. ನಮ್ಮ ಚಿರೋಟಿಯ ಹಾಗೆ ಪದರ ಪದರ, ಆದರೆ ಚಿರೋಟಿಗಿಂತ ತೆಳು. ಒಳಗೆ ಉಪ್ಪುಪ್ಪಾದ, ಸ್ವಲ್ಪ ಹುಳಿಯಾದ ಚೀಸ್. ಕಚ್ಚಿದರೆ ಚೂರುಗಳು ಕೋಟಿನ ಮೇಲೆಲ್ಲ ಉದುರುತ್ತಿದ್ದವು. ಬೇರೇನೂ ನಿಲ್ಲದ ಹೊಟ್ಟೆಯಲ್ಲಿ ಅದೊಂದು ನಿಲ್ಲುತ್ತಿತ್ತು. ಬಸುರಿಯರಿಗೆ ಮೆತ್ತನೆಯ ಚೀಸ್ ಆಗದು ಅನ್ನುತ್ತಾರಲ್ಲ, ಡಾಕ್ಟರನ್ನು ಕೇಳಿದೆ. ಚೆನ್ನಾಗಿ ಬೇಕ್ ಆಗಿದ್ದರೆ ಪರವಾಗಿಲ್ಲ, ತಿನ್ನು ಅಂದರು. ದಿನಾ ತಿಂದೆ.

ಚಳಿ ಶುರುವಾಗುವ ಹೊತ್ತಿಗೆ ಆ ದಂಪತಿ ಅಂಗಡಿ ಮುಚ್ಚಿ, ಮಗಳ ಜೊತೆ ಇರಲು ಫ್ಲೋರಿಡಾಕ್ಕೆ ಹೊರಟುಹೋದರು. ಆ ಹೊತ್ತಿಗೆ ನನ್ನ ವಾಂತಿಯೂ ನಿಂತಿತ್ತು. ಹಾಗಾಗಿ ಅಷ್ಟೇನೂ ಬೇಜಾರಾಗಲಿಲ್ಲ.

ಏಳನೆಯ ತಿಂಗಳಲ್ಲಿ, ಬಾಣಂತನಕ್ಕೆಂದು ಮೈಸೂರಿನಿಂದ ಅಮ್ಮ ಬಂದ ಮೇಲೆ, ಬಯಕೆ ಮತ್ತೆ ಕಾಡಿತು. ಅಮ್ಮ ಬಿಸಿಬೇಳೆಬಾತ್ ಬಡಿಸುತ್ತಿದ್ದಾರೆ, ನನ್ನ ಮನಸ್ಸೆಲ್ಲ ಚೀಸ್ ಪೈ ಮೇಲೆ. ಒಂದು ದಿನ ತಡೆಯಲಾರದೆ ಹೇಳಿಬಿಟ್ಟೆ.

"ಅದೇನು ಹೇಳು, ನಾನೇ ಮಾಡ್ಕೊಡ್ತೀನಿ," ಅಂದರು ಅಮ್ಮ.

ಚಿರೋಟಿ ಹಿಟ್ಟನ್ನೇ ತುಪ್ಪ ಸವರಿ ಮಡಿಸಿ, ಒಳಗೆ ಪನೀರು, ಉಪ್ಪು, ಒಂಚೂರು ಮೆಣಸು ತುಂಬಿ ಕರಿದರು. ಬಹಳ ರುಚಿಯಾಗಿತ್ತು. ನಾನು ತಟ್ಟೆ ಖಾಲಿ ಮಾಡಿದೆ. ಅಮ್ಮ ಮಾತ್ರ ನನ್ನ ಮುಖವನ್ನೇ ನೋಡುತ್ತಾ, "ಇದಲ್ಲ, ಅಲ್ವಾ?" ಅಂದರು. ನಾನು ಉತ್ತರ ಕೊಡುವ ಮೊದಲೇ ನನ್ನ ಗಂಡನ ಕಡೆ ತಿರುಗಿ, "ಬಸುರಿ ಬಾಯ್ಬಿಟ್ಟು ಕೇಳಿದಾಳೆ, ಎಲ್ಲಿದ್ರೂ ತಂದ್ಕೊಡ್ಬೇಕಪ್ಪ," ಅಂದುಬಿಟ್ಟರು.

ನನ್ನ ಗಂಡ ಹುಬ್ಬಳ್ಳಿಯವನು. ಅತ್ತೆಯ ಎದುರು ಮಾತು ಕಡಿಮೆ. ಅಮ್ಮನಿಗೂ ಅಳಿಯನ ಹತ್ತಿರ ಏನು ಮಾತಾಡಬೇಕೆಂದು ತೋಚುತ್ತಿರಲಿಲ್ಲ. ಊಟವಾಯಿತಾ, ಹೊರಗೆ ಚಳಿಯಾ, ಅಷ್ಟಕ್ಕೇ ಮುಗಿಯುತ್ತಿತ್ತು. ಈಗ ಇಬ್ಬರಿಗೂ ಒಂದು ಕೆಲಸ ಸಿಕ್ಕಿತು.

"ತರ್ತೀನ್ರಿ," ಅಂದ ಅವನು.

ಮೊದಲು ಸೂಪರ್‌ಮಾರ್ಕೆಟ್ಟಿನಿಂದ ಫ್ರೋಜನ್ ಪೈ ತಂದ. ಓವನ್ ಬಿಸಿಯಾಗುವವರೆಗೂ ಅಮ್ಮ ಅಡಿಗೆಮನೆಯಲ್ಲೇ ನಿಂತು ಕಾದರು. ಮೇಲೆ ರಟ್ಟು, ಒಳಗೆ ನೀರು. ಮಾರನೆಯ ವಾರ ಹೈವೇ ಪಕ್ಕದ ಡೈನರಿನಿಂದ ಪಾರ್ಸೆಲ್ ಬಂತು. ಅವರು ಮೈಕ್ರೋವೇವ್‌ನಲ್ಲಿಟ್ಟು ಕೊಟ್ಟಿದ್ದರು. ಪದರಗಳೆಲ್ಲ ಮೆತ್ತಗಾಗಿ ಒಂದಕ್ಕೊಂದು ಅಂಟಿದ್ದವು. ಅಮ್ಮ ಬೆರಳಲ್ಲಿ ಒತ್ತಿ ನೋಡಿ, "ಒದ್ದೆ ಪೇಪರ್ ಇದ್ದ ಹಾಗಿದೆಯಲ್ಲಪ್ಪ," ಅಂದರು. ಗಂಡ ನಕ್ಕ. ಅಮ್ಮನ ಮಾತಿಗೆ ಅವನು ಹಾಗೆ ಬಾಯಿಬಿಟ್ಟು ನಕ್ಕಿದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಹಿಂಗ್ ಆಗೂದಿಲ್ಲ," ಅಂದ. "ಆಸ್ಟೋರಿಯಾಕ್ಕಽ ಹೋಗೂಣು. ಗ್ರೀಕ್ ಮಂದಿ ಇರೂದಽ ಅಲ್ಲೆ."

ಶನಿವಾರ ಬೆಳಿಗ್ಗೆ ಮೂವರೂ ಹೊರಟೆವು. ಆಸ್ಟೋರಿಯಾದಲ್ಲಿ ಟ್ರೈನು ರಸ್ತೆಯ ನೆತ್ತಿಯ ಮೇಲೇ ಓಡುತ್ತದೆ. ಅದು ಬಂದಾಗಲೆಲ್ಲ ಅಮ್ಮ ಕಾರಿನೊಳಗೆ ತಲೆ ತಗ್ಗಿಸುತ್ತಿದ್ದರು. ಮೊದಲು ಸಿಕ್ಕಿದ್ದು ಕುರ್ಚಿಗಳೆಲ್ಲ ಬಿಳಿಯಾಗಿದ್ದ ಒಂದು ದೊಡ್ಡ ಕೆಫೆ. ಗಂಡ ಒಳಗೆ ಹೋಗಿ ಬರಿಗೈಲಿ ಬಂದ. ಪೈ ಖಾಲಿಯಂತೆ. ಆದರೆ ಅಲ್ಲಿನ ಹುಡುಗಿ, ಪೈ ಬೇಕಾದರೆ ತನ್ನ ಅಜ್ಜಿ ಹೋಗುವ ಬೇಕರಿಗೆ ಹೋಗಿ ಎಂದು ಒಂದು ಒಳರಸ್ತೆಯ ದಾರಿ ಹೇಳಿದ್ದಳು.

ಅಲ್ಲಿ ಪಾರ್ಕಿಂಗ್ ಇರಲಿಲ್ಲ. ನಮ್ಮಿಬ್ಬರನ್ನೂ ಬಾಗಿಲಲ್ಲಿ ಇಳಿಸಿ ಗಂಡ ಸುತ್ತು ಹಾಕಲು ಹೋದ. ಬಾಗಿಲು ತೆಗೆದದ್ದೇ ಬೆಣ್ಣೆಯ ವಾಸನೆ ಮುಖಕ್ಕೆ ಬಂತು. ಕೌಂಟರಿನ ಹಿಂದೆ ಅಮ್ಮನ ವಯಸ್ಸಿನ ಒಬ್ಬಾಕೆ, ಕಪ್ಪು ಕಾರ್ಡಿಗನ್, ಎತ್ತಿ ಕಟ್ಟಿದ ನರೆಗೂದಲು. ನನ್ನ ಹೊಟ್ಟೆ ನೋಡಿದ ಕೂಡಲೇ ಕೌಂಟರ್ ಬಿಟ್ಟು ಬಂದು ಕುರ್ಚಿ ಎಳೆದು ಕೂರಿಸಿದರು. ಏನು ಬೇಕೆಂದು ಕೇಳಿದ್ದು ಆಮೇಲೆ.

ನಾನು ತಿರೋಪಿತಾ ಅಂದೆ. ಆಕೆ ಒಲೆಯಿಂದ ಆಗತಾನೇ ಬಂದ ಟ್ರೇ ತೋರಿಸಿ, "ವೇಟ್. ಟೂ ಹಾಟ್," ಅಂದರು.

"ಮೊಟ್ಟೆ ಹಾಕಿದಾರಾ ಕೇಳು," ಅಮ್ಮ ನನ್ನ ಕಿವಿಯಲ್ಲಿ ಪಿಸುಗುಟ್ಟಿದರು.

ಕೇಳಿದೆ. "ಎಗ್? ಆಫ್ ಕೋರ್ಸ್!" ಅಂದರು ಆಕೆ.

"ನೀನು ತಿನ್ನು. ಕೇಕಲ್ಲೂ ಇರುತ್ತಲ್ಲ. ನಂಗೇನೂ ಬೇಡ," ಎಂದು ಅಮ್ಮ ಸೀರೆಯ ಮೇಲಿನ ಜಾಕೆಟ್ಟಿನ ಜಿಪ್ ಮೇಲಕ್ಕೆಳೆದುಕೊಂಡು ದೂರ ನಿಂತರು. ಅಮೆರಿಕಕ್ಕೆ ಬಂದ ಮೇಲೆ ಅವರು ಹೊರಗಿನ ಒಂದು ತುತ್ತನ್ನೂ ಬಾಯಿಗಿಟ್ಟಿರಲಿಲ್ಲ. ಎಲ್ಲಿಗೆ ಹೋದರೂ ಬ್ಯಾಗಿನಲ್ಲಿ ಅವಲಕ್ಕಿ ಡಬ್ಬಿ.

ಆಕೆ ಅಮ್ಮನನ್ನೇ ನೋಡುತ್ತಿದ್ದರು. "ಮಮ್ಮಾ ನಾಟ್ ಈಟಿಂಗ್?"

ಅಮ್ಮ ಮೊಟ್ಟೆ ತಿನ್ನುವುದಿಲ್ಲ, ಅದು ನಮ್ಮ ಮನೆಯ ಪದ್ಧತಿ ಎಂದು ಹೇಳಿದೆ. ಆಕೆ ತಮ್ಮ ಎದೆ ಮುಟ್ಟಿಕೊಂಡು, "ಮೀ ಟೂ! ನೋ ಎಗ್, ನೋ ಚೀಸ್, ನೋ ಮಿಲ್ಕ್. ಅಂಟಿಲ್ ಈಸ್ಟರ್," ಅಂದರು. ಈಸ್ಟರ್ ಬರುವವರೆಗೂ ಅವರದು ಉಪವಾಸ. ಬೆಳಗಿನಿಂದ ಸಂಜೆಯವರೆಗೆ ಚೀಸ್ ಪೈ ಮಾಡುತ್ತಾರೆ, ತಾವು ಮುಟ್ಟುವುದಿಲ್ಲ.

ಅಮ್ಮನಿಗೆ ಕನ್ನಡದಲ್ಲಿ ಹೇಳಿದೆ. ಅವರು ಹತ್ತಿರ ಬಂದರು.

"ಹಾಲೂ ಇಲ್ವಂತಾ? ಕಾಫಿಗೆ?"

"ಬ್ಲ್ಯಾಕ್ ಕಾಫಿ," ಅಂದರು ಆಕೆ, ನಾನು ಕೇಳಿದ ಮೇಲೆ.

"ಅಯ್ಯೋ ಪಾಪ! ನಂಗೆ ಏಕಾದಶಿ ದಿನಾನೂ ಕಾಫಿಗೆ ಹಾಲು ಬೇಕಪ್ಪ. ಗಟ್ಟಿ ಹೆಂಗಸು," ಅಂದರು ಅಮ್ಮ.

ನಾನು ಅದನ್ನೂ ಅನುವಾದ ಮಾಡಿದೆ. ಆಕೆ ಗಟ್ಟಿಯಾಗಿ ನಕ್ಕು ಒಳಗೆ ಹೋಗಿ ಒಂದು ಪ್ಲೇಟ್ ಹಿಡಿದು ಬಂದರು. ಉಪವಾಸದವರಿಗೆಂದೇ ಮಾಡಿದ ಪಾಲಕ್ ಪೈ. ಸೊಪ್ಪು, ಸಬ್ಬಸಿಗೆ, ಈರುಳ್ಳಿ, ಎಣ್ಣೆ, ಹಿಟ್ಟು ಎಂದು ಒಂದೊಂದಾಗಿ ಹೇಳಿದರು. ಅಮ್ಮ ಪ್ಲೇಟನ್ನು ನೋಡಿದರು, ಆಕೆಯ ಮುಖ ನೋಡಿದರು. ಆಮೇಲೆ ನನ್ನ ಪಕ್ಕ ಕುಳಿತು ತುದಿಯಿಂದ ಒಂದು ಚೂರು ಮುರಿದು ಬಾಯಿಗಿಟ್ಟರು. ಇನ್ನೊಂದು ಚೂರು. "ಸಬ್ಬಸಿಗೆ ಎಷ್ಟು ಘಮ್ ಅಂತಿದೆ ನೋಡೇ!" ನನಗೆ ಕಣ್ಣು ತುಂಬಿ ಬಂತು. ಆ ದಿನಗಳಲ್ಲಿ ಯಾವುದಕ್ಕೂ ಹಾಗೇ ಬರುತ್ತಿತ್ತೆನ್ನಿ.

ನನ್ನ ಪೈ ಬಂತು. ಅದು ಆಫೀಸಿನ ಕೆಳಗಿನ ಅಂಗಡಿಯದರ ಹಾಗೆಯೇ ಇತ್ತಾ ಎಂದು ಗಂಡ ಆಮೇಲೆ ಕೇಳಿದ. ಇರಲಿಲ್ಲ. ಇದರಲ್ಲಿ ಉಪ್ಪು ಕಡಿಮೆ, ಬೆಣ್ಣೆ ಜಾಸ್ತಿ, ಅಂಚು ಇನ್ನೂ ಕೆಂಪು. ಅವನಿಗೆ ಪಾರ್ಕಿಂಗ್ ಸಿಕ್ಕಿ ಒಳಗೆ ಬರುವಷ್ಟರಲ್ಲಿ ನಾನು ಎರಡು ಮುಗಿಸಿದ್ದೆ. ಅವನ ಪಾಲಿನದನ್ನೂ ಅಮ್ಮ ನನ್ನ ಕಡೆಗೇ ಸರಿಸಿದರು.

ಈಗ ಯಾರಾದರೂ ಒಳ್ಳೆಯ ಚೀಸ್ ಪೈ ಎಲ್ಲಿ ಸಿಗುತ್ತದೆ ಎಂದು ಕೇಳಿದರೆ ನಾನು ಆಸ್ಟೋರಿಯಾದ ಒಳರಸ್ತೆಗಳನ್ನು ಹೇಳುತ್ತೇನೆ. ಬೆಳಿಗ್ಗೆ ಹೋಗಿ, ಟ್ರೇ ಯಾವಾಗ ಹೊರಬರುತ್ತದೆ ಕೇಳಿ, ಬಿಸಿ ಮಾಡಿಕೊಡುತ್ತೇವೆ ಅಂದರೆ ಬೇಡ ಅನ್ನಿ, ಆದಷ್ಟು ಅಲ್ಲೇ ಕುಳಿತು ತಿನ್ನಿ.

ಆಮೇಲಿನ ಶನಿವಾರಗಳಲ್ಲಿ ನನಗೆ ಕಾರಿನಲ್ಲಿ ಅಷ್ಟು ದೂರ ಕೂರುವುದು ಕಷ್ಟವಾಯಿತು. ಅತ್ತೆ, ಅಳಿಯ ಇಬ್ಬರೇ ಹೋಗಿ ಬರತೊಡಗಿದರು. ದಾರಿಯಲ್ಲಿ ಏನು ಮಾತಾಡುತ್ತಿದ್ದರೋ ಗೊತ್ತಿಲ್ಲ. ಒಂದು ದಿನ ಅಮ್ಮ ಅಡಿಗೆಮನೆಯಿಂದ, "ಪೈ ಆರತಾವ, ಬಾರೇ," ಎಂದು ಹುಬ್ಬಳ್ಳಿಯ ಧಾಟಿಯಲ್ಲಿ ಕರೆದರು. ಗಂಡ ಸೋಫಾದ ಮೇಲೆ ಕುಳಿತು ಕಿಸಿಕಿಸಿ ನಗುತ್ತಿದ್ದ.

ಮೇ ತಿಂಗಳಲ್ಲಿ ಮಗಳು ಹುಟ್ಟಿದಳು. ಅವಳಿಗೆ ಎರಡು ತಿಂಗಳು ತುಂಬಿದ ಮೇಲೆ ಎಲ್ಲರೂ ಸೇರಿ ಆ ಬೇಕರಿಗೆ ಹೋದೆವು. ಆಕೆ ಕೌಂಟರ್ ಬಿಟ್ಟು ಓಡಿಬಂದರು. ಮಗುವಿನ ಮುಖದ ಹತ್ತಿರ ಬಾಗಿ, "ಫ್ತೂ, ಫ್ತೂ, ಫ್ತೂ" ಅಂದರು.

ಗಂಡ ಗಾಬರಿಯಾದ. "ಉಗಳಿದ್ರೇನು?"

"ದೃಷ್ಟಿ ತೆಗೀತಿದಾರೆ ಕಣಪ್ಪ, ಸುಮ್ನಿರು," ಅಂದರು ಅಮ್ಮ. ಅವರ ಮುಖ ಅರಳಿತ್ತು. ಮಗುವಿನ ಕೆನ್ನೆ ತಿರುಗಿಸಿ, ತಾವು ಬೆಳಿಗ್ಗೆ ಇಟ್ಟಿದ್ದ ಕಪ್ಪು ಬೊಟ್ಟು ತೋರಿಸಿದರು. ಆಕೆ ಅದನ್ನು ನೋಡಿ ತಲೆಯಾಡಿಸಿ, ತಮ್ಮ ಕುತ್ತಿಗೆಯ ಸರವನ್ನು ಈಚೆ ಎಳೆದರು. ಅದರಲ್ಲಿ ಕಣ್ಣಿನಂತೆ ಬರೆದ ಒಂದು ನೀಲಿ ಮಣಿ. ಇಬ್ಬರೂ ಅದನ್ನು ಹಿಡಿದುಕೊಂಡು, ಒಬ್ಬರು ಕನ್ನಡದಲ್ಲಿ, ಒಬ್ಬರು ಗ್ರೀಕಿನಲ್ಲಿ ಮಾತಿಗೆ ನಿಂತರು. ಈ ಸಲ ಅನುವಾದಕ್ಕೆ ನನ್ನನ್ನು ಯಾರೂ ಕರೆಯಲಿಲ್ಲ.