ಮಂಗಳವಾರ ಶುಕ್ರವಾರದ ವ್ಯಾನು

ಹೋದ ವಾರ ಪಕ್ಕದ ಮನೆಯವರು ಅಂಗಳದಲ್ಲಿ ಅಂಟವಾಳಕಾಯಿ ನೆನೆಹಾಕಿ ಮಗಳ ಮದುವೆಯ ರೇಷ್ಮೆ ಸೀರೆ ತೊಳೆಯುತ್ತಿದ್ದರು. ಹೊಲಿಗೆ ಯಂತ್ರದ ಮುಂದೆ ಕೂತಿದ್ದ ನನಗೆ ಕಿಟಕಿಯಿಂದ ಆ ವಾಸನೆ ಬಂತು. ಸ್ವಲ್ಪ ಕಹಿ, ಸ್ವಲ್ಪ ಹುಳಿ, ಒದ್ದೆ ಕಟ್ಟಿಗೆಯ ಹಾಗೆ... ಕಾಲು ಪೆಡಲ್ ಮೇಲೆ ತಾನಾಗಿಯೇ ನಿಂತುಬಿಟ್ಟಿತು. ಬೇರೆಯವರಿಗೆ ಅದು ಸೀರೆಯ ವಾಸನೆ ಇರಬಹುದು. ನನಗೆ ಮಾತ್ರ ಅದು ಒಂದು ವ್ಯಾನಿನ ಸೀಟ್ ಬೆಲ್ಟುಗಳ ವಾಸನೆ.

ಆ ವ್ಯಾನು ಓಡಿಸುತ್ತಿದ್ದವಳನ್ನು ನಾವೆಲ್ಲ ವ್ಯಾನಿನ ಅಕ್ಕ ಎಂದೇ ಕರೆಯುತ್ತಿದ್ದೆವು. ನನ್ನ ಅವ್ವನಿಗೆ ಎರಡೂ ಕಿಡ್ನಿ ಕೈಕೊಟ್ಟಿದ್ದವು. ವಾರಕ್ಕೆ ಎರಡು ಸಲ, ಮಂಗಳವಾರ ಮತ್ತು ಶುಕ್ರವಾರ, ಯಲಬುರ್ಗಾದಿಂದ ಕೊಪ್ಪಳಕ್ಕೆ ಹೋಗಿ ಡಯಾಲಿಸಿಸ್ ಮಾಡಿಸಿಕೊಂಡು ಬರಬೇಕಿತ್ತು. ಅಣ್ಣ ಗಂಗಾವತಿಯ ಅಕ್ಕಿ ಗಿರಣಿಯಲ್ಲಿ ಕೆಲಸಕ್ಕಿದ್ದ. ಅವನಿಗೆ ರಜೆ ಸಿಗುತ್ತಿರಲಿಲ್ಲ. ಹೀಗಾಗಿ ಅವ್ವನ ಜೊತೆ ಹೋಗುವುದು ನನ್ನ ಪಾಲಿಗೆ ಬಂತು. ಮೊದಲ ಎರಡು ತಿಂಗಳು ಬಸ್ಸಿನಲ್ಲಿ ಹೋದೆವು. ಬರುವಾಗ ಅವ್ವ ನಿಲ್ಲಲಾರದೆ ಬಸ್ಸಿನ ನೆಲದ ಮೇಲೇ ಕೂತುಬಿಡುತ್ತಿದ್ದಳು. ಆಮೇಲೆ ಯಾರೋ ಈ ವ್ಯಾನಿನ ಸುದ್ದಿ ಹೇಳಿದರು.

ಅಕ್ಕನಿಗೆ ಆಗ ನಲವತ್ತೈದು ದಾಟಿರಬಹುದು. ಗಂಡನನ್ನು ಇದೇ ಕಾಯಿಲೆಗೆ ಆಸ್ಪತ್ರೆಗೆ ಕರೆದೊಯ್ಯಲೆಂದು ಗಾಡಿ ಕಲಿತವಳು. ಗಂಡ ತೀರಿಕೊಂಡ ಮೇಲೆ ವ್ಯಾನು ಮಾರಿಬಿಡು ಎಂದು ಮನೆಯವರೆಲ್ಲ ಹೇಳಿದರಂತೆ. ಅವಳು ಮಾರಲಿಲ್ಲ. ಗಂಡನ ಜೊತೆ ಪಕ್ಕದ ಹಾಸಿಗೆಗಳಲ್ಲಿ ಮಲಗುತ್ತಿದ್ದವರು ಇನ್ನೂ ಬದುಕಿದ್ದರಲ್ಲ, ಅವರು ಹೇಗೆ ಹೋಗಬೇಕು ಎಂದು ಅವರನ್ನೇ ಕರೆದೊಯ್ಯತೊಡಗಿದಳು.

ಮೊದಲ ದಿನವೇ ಅವಳು ಅವ್ವನಿಗೆ ಯಾವ ಕೈಗೆ ಸೂಜಿ ಹಾಕುತ್ತಾರೆ ಎಂದು ಕೇಳಿದಳು. ಅವ್ವ ಎಡಚಿ. ಅದಕ್ಕೇ ಡಾಕ್ಟರು ಸೂಜಿ ಹಾಕಲೆಂದು ಬಲಗೈಯಲ್ಲಿ ನರ ಜೋಡಿಸಿದ್ದರು. ಆ ಕೈಗೆ ಏನೂ ಒತ್ತಬಾರದು, ಭಾರ ಬೀಳಬಾರದು. ಅಕ್ಕ ಒಂದು ಗಳಿಗೆ ಯೋಚಿಸಿ ಅವ್ವನನ್ನು ನಡುಸಾಲಿನ ಎಡಕಿಟಕಿಗೆ ಕೂರಿಸಿದಳು. ಅಲ್ಲಿ ಬೆಲ್ಟು ಎಡಭುಜದ ಮೇಲಿಂದ ಇಳಿಯುತ್ತದೆ, ಬಲತೋಳು ಮುಟ್ಟುವುದಿಲ್ಲ. ಬಾಗಿಲೂ ಆ ಕಡೆಗೇ ಇರುವುದರಿಂದ ಇಳಿಯುವುದೂ ಹಗುರ. ಬಲಕಿಟಕಿಗೆ, ಅಕ್ಕನ ಬೆನ್ನ ಹಿಂದೆ, ನನ್ನ ಜಾಗ. ಹಿಂದಿನ ಸಾಲಿನಲ್ಲಿ ಇನ್ನಿಬ್ಬರು ಪೇಷಂಟುಗಳು ಇರುತ್ತಿದ್ದರು.

ಅವ್ವನಿಗೆ ಬೆಲ್ಟು ಕಟ್ಟಿಸಿಕೊಳ್ಳಲು ಇಷ್ಟವಿರಲಿಲ್ಲ. ದನ ಕಟ್ಟಿದಂಗ ಆಗತೈತಿ ಎಂದು ಗೊಣಗಿದಳು. ಅಕ್ಕ ಸಿಟ್ಟಾಗಲಿಲ್ಲ. ಅವ್ವನ ಮೊಣಕಾಲ ಹತ್ತಿರ ಬಗ್ಗಿ ನಿಂತು ಹೇಳಿದಳು:

"ಯವ್ವಾ, ಡಯಾಲಿಸಿಸ್ ಆದವರಿಗೆ ತಮ್ಮ ಮೈ ತಾವು ಹಿಡ್ಕೊಳ್ಳೂ ಶಕ್ತಿ ಇರಂಗಿಲ್ಲ. ನಮ್ಮ ಮನಿಯವರು ಬ್ರೇಕ್ ಹಾಕಿದಾಗೊಮ್ಮಿ ಮುಂದ ಬೀಳತಿದ್ರು. ಹಣಿ ತುಂಬ ಗಾಯ. ನಿನ್ನ ನಾ ಹಿಡಿಯಾಕ ಆಗಂಗಿಲ್ಲ, ನನ್ನ ಕೈಯಾಗ ಸ್ಟೇರಿಂಗ್ ಇರತೈತಿ. ಇದು ಹಿಡೀತೈತಿ."

ಅವ್ವ ಬಲಗೈ ಮಡಿಲಿಗೆ ಇಟ್ಟುಕೊಂಡು ಬೆಲ್ಟು ಕಟ್ಟಿಸಿಕೊಂಡಳು.

ನಾನು ದರ್ಜಿ ಎಂದು ತಿಳಿದ ಮೇಲೆ ಅಕ್ಕ ನನ್ನಿಂದ ಒಂದು ಕೆಲಸ ಮಾಡಿಸಿಕೊಂಡಳು. ಪೇಷಂಟುಗಳ ಕುತ್ತಿಗೆಗೆ ಬೆಲ್ಟಿನ ಅಂಚು ತಿಕ್ಕದಂತೆ ಬೆಲ್ಟಿಗೆ ತೊಡಿಸುವ ಹತ್ತಿಬಟ್ಟೆಯ ಚೀಲ ಹೊಲಿಯಬೇಕಿತ್ತು. ನಾನು ಅದನ್ನು ಬೆಲ್ಟಿಗೇ ಸೇರಿಸಿ ಹೊಲಿಯಲು ಹೋದೆ. ಅವಳು ಕೈ ಅಡ್ಡ ಹಿಡಿದಳು. ಬೆಲ್ಟಿನ ನೇಯ್ಗೆಗೆ ಒಂದು ಸೂಜಿ ತೂರಿದರೂ ಅಲ್ಲಿಂದ ಅದು ಸೋಲುತ್ತದಂತೆ. ಕಡೆಗೆ ಗುಂಡಿ ಹಾಕಿ ಬಿಚ್ಚುವಂಥ ಚೀಲ ಮಾಡಿಕೊಟ್ಟೆ. ಸೋಪಿನ ಪುಡಿ ಕೂಡ ಬೆಲ್ಟಿಗೆ ಒಳ್ಳೆಯದಲ್ಲ ಎಂಬುದು ಅವಳ ನಂಬಿಕೆ. ಭಾನುವಾರಗಳಂದು ಬೆಲ್ಟುಗಳನ್ನು ಪೂರ್ತಿ ಹೊರಗೆಳೆದು ಅಂಟವಾಳದ ನೀರಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಬಾಗಿಲು ತೆಗೆದಿಟ್ಟು ನೆರಳಿನಲ್ಲೇ ಒಣಗಿಸುತ್ತಿದ್ದಳು. ಒದ್ದೆ ಬೆಲ್ಟು ಒಳಗೆ ಸುತ್ತಿಕೊಂಡರೆ ಬೂಸಲು ಬರುತ್ತದೆ ಎಂದು ಕಾವಲು ಕೂರುತ್ತಿದ್ದಳು.

ಬೆಲ್ಟಿನ ಕೊಂಡಿಗಳಲ್ಲಿ ಶೇಂಗಾ ಸಿಪ್ಪೆ, ಕುಂಕುಮ, ಹೊಲದ ಧೂಳು, ಏನೇನೋ ಸೇರಿಕೊಳ್ಳುತ್ತಿತ್ತು. ಸೈಕಲ್ ಪಂಪಿನಿಂದ ಗಾಳಿ ಹೊಡೆದು ತೆಗೆಯುತ್ತಿದ್ದಳು. ಆಮೇಲೆ ಪ್ರತಿಯೊಂದು ಬೆಲ್ಟನ್ನೂ ಗಕ್ಕನೆ ಎಳೆದು ಅದು ಹಿಡಿದು ನಿಲ್ಲುತ್ತದೋ ಇಲ್ಲವೋ ನೋಡುತ್ತಿದ್ದಳು. ಬ್ರೇಕಿನ ಕೆಳಗೆ ಜಾರದಂತೆ ಕಾಲೊರಸು ಹುಕ್ಕಿಗೆ ಸಿಕ್ಕಿಸಿರಬೇಕು. ಬೆಂಕಿ ಆರಿಸುವ ಕೆಂಪು ಸಿಲಿಂಡರಿನ ಮುಳ್ಳು ಹಸಿರಿನಲ್ಲೇ ಇರಬೇಕು. ಸೀಟಿನ ಮೇಲಿನ ತಲೆದಿಂಬು ಕುತ್ತಿಗೆಗಲ್ಲ, ತಲೆಗೇ ತಾಗಬೇಕು. ಇಟಗಿಯ ಗುಡಿಗೆ ಹೋಗಿಬಂದವರೊಬ್ಬರು ಒಮ್ಮೆ ತೆಂಗಿನಕಾಯಿಯ ಚೀಲವನ್ನು ಹಿಂದಿನ ಕಿಟಕಿಯ ಹತ್ತಿರ ಇಟ್ಟಿದ್ದರು. ಬ್ರೇಕು ಬಿದ್ದರೆ ಅದೇ ಗುಂಡಾಗಿ ಬರುತ್ತದೆ ಎಂದು ತಾನೇ ಎತ್ತಿ ಸೀಟಿನ ಕೆಳಗೆ ತುರುಕಿದಳು. ಅವಳ ದೇವರು ಕೂಡ ಡ್ಯಾಶ್‌ಬೋರ್ಡಿನ ಮೇಲೆ ಇರಲಿಲ್ಲ. ಅಲ್ಲಿ ಏರ್‌ಬ್ಯಾಗಿನ ಮುಚ್ಚಳ ಇತ್ತು. ಎಲ್ಲಮ್ಮನ ಚಿಕ್ಕ ಪಟವೊಂದನ್ನು ಬಿಸಿಲುತಡೆಯ ಹಿಂದೆ ಸಿಕ್ಕಿಸಿಕೊಂಡಿದ್ದಳು.

ಇದೆಲ್ಲ ನನಗೆ ಆಗ ಅತಿ ಅನ್ನಿಸುತ್ತಿತ್ತು. ಹೇಳಬಾರದು, ಆದರೆ ಅನ್ನಿಸುತ್ತಿತ್ತು. ಬೇರೆ ಗಾಡಿಗಳು ನಮ್ಮನ್ನು ದಾಟಿಕೊಂಡು ಹೋಗುತ್ತಿದ್ದವು. ನಮ್ಮ ವ್ಯಾನು ಮಾತ್ರ ಎಲ್ಲರ ಕೊಂಡಿಯೂ ಟಕ್ ಎಂದ ಮೇಲೆಯೇ ಹೊರಡುತ್ತಿತ್ತು.

ಹೀಗೆ ಒಂದೂವರೆ ವರ್ಷ ಹೋದೆವು. ಅಷ್ಟರಲ್ಲಿ ನಾನು ಎಷ್ಟು ದಣಿದಿದ್ದೆ ಎಂದರೆ, ಕೂತಲ್ಲಿ ಕಣ್ಣು ಮುಚ್ಚುತ್ತಿತ್ತು. ಮಂಗಳವಾರ ಶುಕ್ರವಾರ ಕೊಪ್ಪಳದಲ್ಲಿ ಕಳೆದರೆ ಉಳಿದ ದಿನಗಳಲ್ಲಿ ವಾರದ ಹೊಲಿಗೆ ಮುಗಿಸಬೇಕು. ಲಗ್ನದ ಕಾಲ ಬಂದರೆ ಬ್ಲೌಸುಗಳ ರಾಶಿ. ಅವ್ವನಿಗೆ ದಿನಕ್ಕೆ ಇಷ್ಟೇ ನೀರು ಎಂದು ಅಳೆದು ಕೊಡಬೇಕು. ಅವಳು ಇನ್ನೊಂದು ಗುಟುಕಿಗೆ ಅಂಗಲಾಚಿದರೆ ಇಲ್ಲ ಎನ್ನಬೇಕು. ಆ ಇಲ್ಲ ಎನ್ನುವುದೇ ಎಲ್ಲಕ್ಕಿಂತ ದಣಿಸುತ್ತಿತ್ತು...

ಆ ಶುಕ್ರವಾರ ಮಧ್ಯಾಹ್ನ ಕೊಪ್ಪಳದಿಂದ ಹೊರಟಾಗ ನನಗೆ ಒರಗಿ ಮಲಗಿದರೆ ಸಾಕಾಗಿತ್ತು. ಭುಜದ ಮೇಲೆ ಬೆಲ್ಟು ಇದ್ದರೆ ಕಿಟಕಿಗೆ ಸರಿಯಾಗಿ ಒರಗಲು ಆಗುತ್ತಿರಲಿಲ್ಲ. ಬೆಲ್ಟು ಹಾಕದಿದ್ದರೆ ಮುಂದೆ ಗಂಟೆ ಬಡಿದುಕೊಳ್ಳುತ್ತದೆ, ಅಕ್ಕ ಗಾಡಿ ನಿಲ್ಲಿಸುತ್ತಾಳೆ. ಅದಕ್ಕೆ ನಾನು ಬೆಲ್ಟನ್ನು ಬೆನ್ನ ಹಿಂದಿನಿಂದ ತಂದು ಕೊಂಡಿಗೆ ಸಿಕ್ಕಿಸಿದೆ. ಟಕ್ ಎಂದಿತು. ಗಂಟೆ ಬಡಿಯಲಿಲ್ಲ. ನಾನು ಕಿಟಕಿಗೆ ಒರಗಿ ನಿದ್ದೆ ಹೋದೆ.

ಆಮೇಲೆ ನಡೆದದ್ದನ್ನು ನಾನು ಬೇರೆಯವರ ಬಾಯಿಂದಲೇ ಕೇಳಿದ್ದು. ಹತ್ತಿ ಹೇರಿದ ಟ್ರ್ಯಾಕ್ಟರೊಂದು ಹೊಲದೊಳಗಿಂದ ಒಮ್ಮೆಲೇ ರಸ್ತೆಗೆ ಹತ್ತಿತಂತೆ. ಅಕ್ಕ ಪೂರ್ತಿ ಬ್ರೇಕು ತುಳಿದಳು. ಆದರೂ ವ್ಯಾನಿನ ಮೂತಿ ಟ್ರೇಲರಿನ ಹಿಂಭಾಗಕ್ಕೆ ಹೋಗಿ ಬಡಿಯಿತು. ಬಹಳ ಜೋರಿನ ಹೊಡೆತವಲ್ಲ. ನನಗೆ ನೆನಪಿರುವುದು ಇಷ್ಟೇ: ನನ್ನ ಮೈ ನನ್ನದಲ್ಲದ ಹಾಗೆ ಮುಂದಕ್ಕೆ ಹೋಯಿತು, ಅಕ್ಕನ ಸೀಟಿನ ಬೆನ್ನಿಗೆ ನನ್ನ ಭುಜ, ಹಣೆ ಎರಡೂ ಒಟ್ಟಿಗೆ ಬಡಿದವು, ಸೀಟು ಮುಂದಕ್ಕೆ ಬಾಗಿತು, ಅಕ್ಕ ಒಂದು ಸಣ್ಣ ಸದ್ದು ಮಾಡಿದಳು.

ಅವ್ವ ಕೂತಲ್ಲೇ ಇದ್ದಳು. ಎಡಭುಜದ ಮೇಲೆ ಬೆಲ್ಟಿನಗಲದ ನೀಲಿ ಪಟ್ಟಿ ಮೂಡಿತ್ತು, ಅಷ್ಟೇ. ಬಲಗೈ ಮಡಿಲಲ್ಲಿ ಇಟ್ಟದ್ದು ಇಟ್ಟ ಹಾಗೇ ಇತ್ತು. ಹಿಂದಿನವರಿಬ್ಬರಿಗೂ ಏನೂ ಆಗಿರಲಿಲ್ಲ. ನನ್ನ ಹಣೆ ಒಡೆದು ರಕ್ತ ಇಳಿಯುತ್ತಿತ್ತು. ಅಕ್ಕ ಕೆಳಗಿಳಿದು ರಸ್ತೆಯ ಪಕ್ಕ ಕೂತು, ತನ್ನ ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡು, ಬೇರೆ ಯಾರದ್ದೋ ಕೈ ನೋಡುವ ಹಾಗೆ ನೋಡುತ್ತಿದ್ದಳು.

ಜನ ಸೇರಿದರು. ಹೆಣ್ಮಕ್ಕಳ ಕೈಯಾಗ ಗಾಡಿ ಕೊಟ್ರ ಇನ್ನೇನ್ ಆಗತೈತಿ ಎಂದು ಒಬ್ಬ ಹೇಳಿದ. ಇನ್ನೊಬ್ಬ ಹೌದೆಂದ. ಟ್ರ್ಯಾಕ್ಟರಿನವನೂ ಅದನ್ನೇ ಹೇಳತೊಡಗಿದ. ನಾನು ಸೆರಗಿನಿಂದ ಹಣೆ ಒತ್ತಿ ಹಿಡಿದು ಸುಮ್ಮನೆ ನಿಂತಿದ್ದೆ.

ಕೊಪ್ಪಳದಲ್ಲಿ ಡಾಕ್ಟರು ಅಕ್ಕನ ಎಕ್ಸ್‌ರೇ ಫೋಟೋಗಳನ್ನು ಬೆಳಕಿಗೆ ಹಿಡಿದು ನೋಡಿ, ಮುಂದಿನ ಹೊಡೆತದಿಂದ ಆದದ್ದಲ್ಲ ಇದು, ಅದನ್ನು ಬೆಲ್ಟು ಮತ್ತು ಏರ್‌ಬ್ಯಾಗು ತಡೆದಿವೆ, ಹಿಂದಿನಿಂದ ಭಾರ ಬಿದ್ದು ಕುತ್ತಿಗೆಯ ನರಕ್ಕೆ ಪೆಟ್ಟಾಗಿದೆ ಎಂದರು. ಹಿಂದೆ ಯಾರು ಕೂತಿದ್ದರು ಎಂದು ಕೇಳಿದರು. ನಾನು ಹಣೆಗೆ ಪಟ್ಟಿ ಕಟ್ಟಿಸಿಕೊಂಡು ಬಾಗಿಲ ಹತ್ತಿರವೇ ನಿಂತಿದ್ದೆ. ಅಕ್ಕ ನನ್ನ ಕಡೆ ತಿರುಗಲಿಲ್ಲ.

"ಗೊತ್ತಿಲ್ರಿ ಸಾಹೇಬ್ರ," ಅಂದಳು. "ನಾ ರಸ್ತಾ ನೋಡಾಕ್ಹತ್ತಿದ್ದೆ."

ಅವಳ ಬಲಗೈಯ ಮೂರು ಬೆರಳು ಮತ್ತೆ ಮಡಚಲಿಲ್ಲ. ಸ್ಟೇರಿಂಗ್ ಹಿಡಿಯಲು ಆಗಲಿಲ್ಲ. ನಾಲ್ಕು ತಿಂಗಳು ಕಾದು ವ್ಯಾನು ಮಾರಲು ನಿಶ್ಚಯಿಸಿದಳು. ಕುಷ್ಟಗಿಯವರೊಬ್ಬರು ಬಂದು ನೋಡಿ ಒಪ್ಪಿಕೊಂಡು ಹೋದರು. ಅದರ ಮಾರನೆಯ ದಿನ ಅಕ್ಕ ನನಗೆ ಹೇಳಿ ಕಳಿಸಿದಳು: ಬಟ್ಟೆ ಕತ್ತರಿಸುವ ದೊಡ್ಡ ಕತ್ತರಿ ತಗೊಂಡು ಬಾ.

ಹೋದೆ. ವ್ಯಾನು ಅಂಗಳದಲ್ಲಿತ್ತು. ಅಕ್ಕ ಬಾಗಿಲು ಸರಿಸಿ, ಅಪಘಾತದಲ್ಲಿ ಒಮ್ಮೆ ಜೋರಾಗಿ ಜಗ್ಗಿದ ಬೆಲ್ಟಿನ ಎಳೆಗಳು ಒಳಗೇ ಸೋತಿರುತ್ತವೆ, ಇನ್ನೊಮ್ಮೆ ಹಿಡಿಯುವುದಿಲ್ಲ ಎಂದಳು. ಕೊಳ್ಳುವವನಿಗೆ ಹೇಳಿದರೆ ಹೂಂ ಎನ್ನುತ್ತಾನೆ, ಆದರೆ ಬದಲಿಸುವುದಿಲ್ಲ. ಕತ್ತರಿಸಿಬಿಟ್ಟರೆ ಬದಲಿಸಲೇಬೇಕಾಗುತ್ತದೆ. ಅವಳ ಕೈಯಲ್ಲಿ ಕತ್ತರಿ ನಿಲ್ಲುತ್ತಿರಲಿಲ್ಲ.

ಅವ್ವನ ಬೆಲ್ಟು ಕತ್ತರಿಸಿದೆ. ಅದರ ಮೇಲೆ ನಾನು ಹೊಲಿದ ಚೀಲ ಇನ್ನೂ ಇತ್ತು; ಗುಂಡಿ ಬಿಚ್ಚಿ ತೆಗೆದಿಟ್ಟೆ. ಅಕ್ಕನದ್ದನ್ನು ಕತ್ತರಿಸಿದೆ. ಹಿಂದಿನ ಸಾಲಿನ ಎರಡನ್ನೂ ಕತ್ತರಿಸಿದೆ. ಕಡೆಗೆ ನನ್ನ ಜಾಗದ ಬೆಲ್ಟಿಗೆ ಕೈ ಹಾಕಿದೆ.

"ಅದನ್ನ ಬಿಡು," ಅಕ್ಕ ಅಂದಳು. "ಅದು ಜಗ್ಗಿಲ್ಲ."

ಕತ್ತರಿ ನನ್ನ ಕೈಯಲ್ಲೇ ಉಳಿಯಿತು. ಆ ಬೆಲ್ಟು ಅಂಗಡಿಯಿಂದ ತಂದ ಹಾಗೆ ನುಣುಪಾಗಿ, ಒಂದು ಸುಕ್ಕೂ ಇಲ್ಲದೆ ತೂಗುತ್ತಿತ್ತು. ನಿನಗೆ ಗೊತ್ತಿತ್ತಾ ಎಂದು ಕೇಳಬೇಕೆಂದುಕೊಂಡೆ. ಬಾಯಿಂದ ಬೇರೇನೋ ತಪ್ಪುತಪ್ಪಾಗಿ ಬಂತು. ನಾನೇ ಮಾಡಿದ್ದು, ನಿದ್ದೆ ಬಂದಿತ್ತು, ಬೆನ್ನ ಹಿಂದೆ ಸಿಕ್ಕಿಸಿದ್ದೆ, ನಿನ್ನ ಕೈ ನಾನೇ ಕಳೆದೆ... ಹೀಗೆ ಏನೇನೋ ಅಂದೆ.

ಅಕ್ಕ ವ್ಯಾನಿನ ಮೆಟ್ಟಿಲ ಮೇಲೆ ಕೂತಳು.

"ನಾ ಕನ್ನಡ್ಯಾಗ ನೋಡಿದ್ದೆ, ತಂಗಿ. ಊರು ದಾಟಿದ ಕೂಡಲೇ ನೋಡಿದೆ. ಬೆಲ್ಟ್ ಹೆಗಲ ಮ್ಯಾಲ ಇರಲಿಲ್ಲ. ಗಾಡಿ ನಿಂದ್ರಸಬೇಕಂತ ಮಾಡಿದೆ. ನೀ ಬಾಯಿ ತಕ್ಕೊಂಡು ಮಲಗಿದ್ದಿ, ಸಣ್ಣ ಹುಡುಗಿ ಮಲಗಿದಂಗ. ಎಬ್ಬಸಾಕ ಮನಸ್ಸಾಗಲಿಲ್ಲ. ಇವತ್ತೊಂದಿನ ಮಲಗಲಿ ಅಂದೆ."

ಮಡಚದ ಬೆರಳುಗಳನ್ನು ಎಡಗೈಯಿಂದ ನೀವಿಕೊಂಡು ಹೇಳಿದಳು: "ಎಬ್ಬಸಬೇಕಿತ್ತು."

ಇಬ್ಬರೂ ಅಲ್ಲೇ ಕೂತೆವು. ಅವಳು ನನ್ನನ್ನು ಬೈಯಲಿಲ್ಲ, ಇರಲಿ ಬಿಡು ಎಂದೂ ಹೇಳಲಿಲ್ಲ. ಚಹಾ ಮಾಡುತ್ತೇನೆಂದು ಎದ್ದಳು. ಎಡಗೈಯಲ್ಲಿ ಚಹಾಪುಡಿಯ ಡಬ್ಬಿಯ ಮುಚ್ಚಳ ತೆಗೆಯಲು ಬಹಳ ಹೊತ್ತು ಒದ್ದಾಡಿದಳು. ನಾನು ಕೇಳಿದರೂ ಕೊಡಲಿಲ್ಲ.

ಆಮೇಲೆ ಅವಳು ಗಂಗಾವತಿಯಲ್ಲಿದ್ದ ತಂಗಿಯ ಮನೆಗೆ ಹೋದಳು. ನಾನು ಎರಡು ಸಲ ಹೋಗಿ ನೋಡಿ ಬಂದೆ. ಅವ್ವ ಮತ್ತೆ ಬಸ್ಸು ಹತ್ತಿದಳು; ಹದಿನಾಲ್ಕು ತಿಂಗಳು ಬದುಕಿದಳು. ಅವ್ವ ಹೋದ ಮೇಲೆ ನನಗೆ ಎಲ್ಲಿಗೂ ಹೋಗುವುದು ಬೇಡವೆನಿಸಿತ್ತು. ಇವತ್ತು ಹೋಗುತ್ತೇನೆ, ನಾಳೆ ಹೋಗುತ್ತೇನೆ ಎನ್ನುತ್ತಲೇ ಇದ್ದೆ. ಹೋದ ವರ್ಷ ಮಳೆ ನಿಂತ ಮೇಲೆ ಜ್ವರ ಬಂದು ಅಕ್ಕ ತೀರಿಕೊಂಡಳಂತೆ. ನನಗೆ ತಿಳಿದದ್ದು ಹದಿನೈದು ದಿನದ ಮೇಲೆ, ಹಿಂದಿನ ಸಾಲಿನಲ್ಲಿ ಕೂರುತ್ತಿದ್ದ ಪೇಷಂಟೊಬ್ಬರು ಹೇಳಿದಾಗ. ಅವರಿಗೂ ಅಷ್ಟರ ಮೇಲೆ ಏನೂ ಗೊತ್ತಿರಲಿಲ್ಲ.

ಮೊನ್ನೆ ದಾರ, ಅಸ್ತರು ತರಲೆಂದು ಕೊಪ್ಪಳಕ್ಕೆ ಹೊರಟು ಯಲಬುರ್ಗಾ ಬಸ್ ನಿಲ್ದಾಣದಲ್ಲಿ ನಿಂತಿದ್ದೆ. ಮಂಗಳವಾರ ಎಂಬುದು ಅಲ್ಲಿ ಹೋದ ಮೇಲೆಯೇ ನೆನಪಾದದ್ದು. ತೋಳಿಗೆ ಪಟ್ಟಿ ಕಟ್ಟಿಕೊಂಡ ಹೆಂಗಸೊಬ್ಬಳು ಕಟ್ಟೆಯ ಮೇಲೆ ಕೂತಿದ್ದಳು. ಒಬ್ಬಳೇ ಬಂದಿದ್ದಳು. ನಾನೂ ಕೊಪ್ಪಳಕ್ಕೇ ಹೊರಟವಳು ಎಂದು ತಿಳಿದು ಕೇಳಿದಳು:

"ಮೊದ್ಲ ಒಂದು ವ್ಯಾನ್ ಇತ್ತಂತಲ್ರಿ, ಹೆಣ್ಮಗಳು ಹೊಡೀತಿದ್ಲಂತ. ಈಗ ಬರೂದಿಲ್ಲೇನ್ರಿ ಅದು?"

ಬರುವುದಿಲ್ಲ ಎಂದೆ. ಯಾಕ್ರಿ ಎಂದಳು.

ಬಸ್ಸು ಬಂತು. ಅವಳ ಇನ್ನೊಂದು ಕೈ ಹಿಡಿದು ಮೇಲೆ ಹತ್ತಿಸಿ, ಸೀಟು ಹುಡುಕಿ ಕೂರಿಸಿ, ಪಕ್ಕದಲ್ಲಿ ನಿಂತು ಹೇಳಿದೆ, "ನಾ ಬೆಲ್ಟ್ ಹಾಕ್ಕೊಂಡಿರಲಿಲ್ರಿ." ಆ ಮಾತನ್ನು ಅಕ್ಕನ ಮುಂದೆ ಬಿಟ್ಟರೆ ಮತ್ತೊಬ್ಬರ ಮುಂದೆ ಆಡಿದ್ದು ಅದೇ ಮೊದಲು. ಅವಳು ನನ್ನ ಮುಖವನ್ನೇ ನೋಡಿದಳು. ಏನೂ ತಿಳಿಯಲಿಲ್ಲ ಅವಳಿಗೆ. ಪಾಪ, ಹೇಗೆ ತಿಳಿಯಬೇಕು. ಹೌದೇನ್ರಿ ಎಂದು ಮೆಲ್ಲಗೆ ಅಂದು, ಮುಂದಿನ ಸೀಟಿನ ಕಂಬಿಯನ್ನು ಒಂದೇ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡಳು.