ವೀಳ್ಯದ ತಟ್ಟೆಯ ಬೀಡಿ ಕಟ್ಟು ಮತ್ತು ಸುಲೋಚನಮ್ಮ ಮೇಡಂ

ಕಡೂರು, ತರೀಕೆರೆ, ಅಜ್ಜಂಪುರ ಈ ಮೂರೂರಿನ ಪ್ರೌಢಶಾಲೆಗಳಲ್ಲಿ ಮೂವತ್ತು ವರ್ಷ ವಿಜ್ಞಾನ ಕಲಿಸಿ, ಈ ೧೯೮೯ರ ಮೇ ತಿಂಗಳಲ್ಲಿ ನಿವೃತ್ತರಾಗುತ್ತಿರುವ ಪೂಜ್ಯ ಸುಲೋಚನಮ್ಮನವರ ಪಾಠದ ಸೊಗಸನ್ನು ಕುರಿತು ಬರೆಯಬಲ್ಲ ಹಿರಿಯರು ಈ ಅಭಿನಂದನ ಸಂಪುಟದಲ್ಲಿ ಹಲವರಿದ್ದಾರೆ. ನಾನು ಬರೆಯಬೇಕಾದದ್ದು ನಾನೇ ಮಾಡಿದ ಒಂದು ಎಡವಟ್ಟನ್ನೂ, ಆ ದಿನ ಅವರು ನಮ್ಮ ಮನೆಯ ಮಾನ ಉಳಿಸಿದ ಬಗೆಯನ್ನೂ.

ಅವರು ಅಜ್ಜಂಪುರಕ್ಕೆ ವರ್ಗವಾಗಿ ಬಂದದ್ದು ೧೯೭೮ರಲ್ಲಿ. ಶ್ವಾಸಕೋಶದ ಪಾಠ ಮುಗಿಸಿದ ದಿನ, "ನಿಮ್ಮೂರಲ್ಲಿ ಹೊಗೆ ಇಲ್ದೆ ಕೂರೋ ಜಾಗ ಎಲ್ಲಿದೆ, ನೋಡ್ಕಂಡು ಬನ್ನಿ" ಎಂದು ನಮ್ಮನ್ನು ಕಳಿಸಿದರು. ದೇವಸ್ಥಾನ ಬಿಟ್ಟರೆ ಬೇರೆ ಸಿಗಲಿಲ್ಲ. ಅಲ್ಲೂ ಊದುಬತ್ತಿ ಇದೆಯಲ್ಲ ಎಂದು ಸಹಪಾಠಿ ಅಂಜಿನಪ್ಪ ತಕರಾರು ತೆಗೆದ. ಅಲ್ಲಿಂದ ನಮ್ಮ ಹನ್ನೊಂದು ಮಂದಿಯ ಗುಂಪು ಹುಟ್ಟಿತು. ಶಾಲೆಯ ಆವರಣದಲ್ಲಿ, ಹಾಲಿನ ಸಂಘದ ಸಭೆಯಲ್ಲಿ, ತರೀಕೆರೆ ಬಸ್ಸಿನಲ್ಲಿ ಬೀಡಿ ಸೇದಬಾರದೆಂದು ಅರ್ಜಿ ಬರೆದು ಸಹಿ ಹಾಕಿಸಿದೆವು. ಸಂಘದವರು ಒಪ್ಪಿ ಬೋರ್ಡು ಬರೆಸಿದರು. ಕಂಡಕ್ಟರು ಬೀಡಿ ಹಚ್ಚಿಕೊಂಡೇ ಅರ್ಜಿ ಓದಿ ನಕ್ಕರು. ಸಂಘದಲ್ಲಿ ಗೆದ್ದ ಅಮಲು ನನಗೆ ಸ್ವಲ್ಪ ಹೆಚ್ಚೇ ಏರಿತ್ತು.

೧೯೮೦ರ ಮಾಘದಲ್ಲಿ ನಮ್ಮಕ್ಕ ಮಲ್ಲಿಕಾಂಬಳ ನಿಶ್ಚಿತಾರ್ಥ. ಆಗ ನಮ್ಮ ಕಡೆ ಬೀಗರಿಗೆ ಕೊಡುವ ವೀಳ್ಯದ ತಟ್ಟೆಯಲ್ಲಿ ಎಲೆ ಅಡಿಕೆಯ ಜೊತೆ ಬೀಡಿ ಕಟ್ಟು, ಬೆಂಕಿಪೊಟ್ಟಣ ಇರಲೇಬೇಕು. ಇಲ್ಲದಿದ್ದರೆ ಬಂದವರಿಗೆ ಅವಮಾನ. ಅಕ್ಕನಿಗೆ ಉಬ್ಬಸವಿತ್ತು. ಅದನ್ನು ಅಪ್ಪಾಜಿ ಗಂಡಿನವರಿಗೆ ಹೇಳಿರಲಿಲ್ಲ. ಹೊಗೆಗೆ ಅವಳು ಎಲ್ಲರೆದುರು ಏದುಸಿರು ಬಿಟ್ಟರೆ ಸಂಬಂಧ ಮುರಿದುಹೋಗುತ್ತದೆಂದು ಹೆದರಿ, ಯಾರನ್ನೂ ಕೇಳದೆ ನಾನು ಬೀಡಿ ಕಟ್ಟನ್ನು ಅಕ್ಕಿ ಡಬ್ಬದಲ್ಲಿ ಬಚ್ಚಿಟ್ಟೆ.

ತಟ್ಟೆ ಕಂಡದ್ದೇ ಗಂಡಿನ ದೊಡ್ಡಪ್ಪ, ಸಖರಾಯಪಟ್ಟಣದ ಗಿರಿಯಪ್ಪನವರು ಎದ್ದುನಿಂತರು. "ಒಂದು ಬೀಡಿ ಕಟ್ಟಿಗೂ ಬೆಲೆ ಇಲ್ದೋರು ಅನ್ಕಂಡ್ರಾ ನಮ್ಮುನ್ನ? ನಡೀರಪ್ಪ, ಹೋಗಾನ."

ಅಪ್ಪಾಜಿಯ ಮುಖ ಬಿಳಿಚಿಕೊಂಡಿತು. ನನ್ನ ಕಣ್ಣು ಅಕ್ಕಿ ಡಬ್ಬದ ಕಡೆಗೇ ಹೋಯಿತು. ಕರೆಗೆ ಓಗೊಟ್ಟು ಬಂದಿದ್ದ ಸುಲೋಚನಮ್ಮನವರು ನನ್ನ ಮುಖ ನೋಡಿಯೇ ಎಲ್ಲ ತಿಳಿದುಕೊಂಡು, ಗಿರಿಯಪ್ಪನವರ ಮುಂದೆ ಬಂದು ಕೈ ಮುಗಿದರು.

"ಯಜಮಾನ್ರೇ, ಹೊಗೆ ಬೇಡ ಅಂತ ಈ ಹುಡುಗೀಗೆ ಹೇಳ್ಕೊಟ್ಟೋಳು ನಾನು. ನಿಮ್ಮನ್ನ ಕೇಳ್ದೆ ತೆಗ್ದಿದ್ದು ತಪ್ಪು. ಬೈಯೋದಿದ್ರೆ ನನ್ನ ಬೈರಿ." ಆಮೇಲೆ ನನ್ನತ್ತ ತಿರುಗಿ, "ತಂದಿಡು. ಏನು ಕೇಳ್ಬೇಕೋ ಎದುರಿಗೇ ಕೇಳು" ಎಂದರು.

ಬೀಡಿ ತಂದಿಟ್ಟೆ. ಅಳುತ್ತಲೇ, "ಮಾವ, ಆಚೆ ಹೋಗಿ ಸೇದ್ತೀರಾ? ಅಕ್ಕಂಗೆ ಉಬ್ಬಸ" ಎಂದುಬಿಟ್ಟೆ. ಮುಚ್ಚಿಟ್ಟಿದ್ದೆಲ್ಲ ಬಯಲಾಯಿತು. ಒಳಗೆ ಅಮ್ಮ ಬಿಕ್ಕಿದ್ದು ಕೇಳಿಸಿತು.

ಗಿರಿಯಪ್ಪನವರು ಅಪ್ಪಾಜಿಯತ್ತ ತಿರುಗಿದರು. "ಅಲ್ಲಾ ಕಣ್ರೀ, ಇದುನ್ನ ಮೊದ್ಲೇ ಹೇಳಾಕೆ ಏನಾಗಿತ್ತು? ನಮ್ಮನೇಲಿ ಆರು ಜನ ಸೇದ್ತೀವಿ. ಹಂಗೇ ಕಳ್ಸಿದ್ರೆ ಆ ಮಗೀನ ಗತಿ?" ಎಂದವರೇ ಬೀಡಿ ಕಟ್ಟನ್ನು ತಾವೇ ಎತ್ತಿಕೊಂಡು, "ಸೇದೋರೆಲ್ಲ ಆಚಿಗ್ ಬರ್ರಪ್ಪ" ಎಂದು ಬೀದಿಗೆ ನಡೆದರು. ನಿಶ್ಚಿತಾರ್ಥ ನಡೆಯಿತು.

ಸೋಮವಾರ ಬೈಗುಳಕ್ಕೆ ಸಿದ್ಧಳಾಗಿ ಶಾಲೆಗೆ ಹೋದೆ. "ಏನು ಕೇಳ್ಬೇಕು ಅಂತ ಕಲಿಸ್ದೆ, ಹೆಂಗೆ ಕೇಳ್ಬೇಕು ಅಂತ ಕಲಿಸ್ಲಿಲ್ಲ. ನಂದೂ ತಪ್ಪಿದೆ ಕಣೇ" ಎಂದರು ಮೇಡಂ. ವಿದ್ಯಾರ್ಥಿನಿಯ ಎದುರು ಹೀಗೆ ಹೇಳಿದ ಇನ್ನೊಬ್ಬ ಗುರುವನ್ನು ನಾನು ಕಂಡಿಲ್ಲ. ಮುಂದೆ ನಮ್ಮ ಗುಂಪು ಮನೆಮನೆಗೆ ಹೋಗಿ ಹಿರಿಯರನ್ನು ಕೇಳಿತು; ಎರಡು ವರ್ಷದಲ್ಲಿ ನಮ್ಮ ಬೀದಿಯ ತಟ್ಟೆಗಳಿಂದ ಬೀಡಿ ಇಳಿಯಿತು.

ಪೂಜ್ಯರಿಗೆ ಭಗವಂತ ದೀರ್ಘಾಯುಷ್ಯ ಕೊಡಲಿ, ಆದರೆ ಮನೆಯಲ್ಲಿ ಸುಮ್ಮನೆ ಕೂರಗೊಡದಿರಲಿ. ಕೇಳಲು ಹೆದರಿ ಒಳಗೊಳಗೇ ಕೆಮ್ಮುವ ಹೆಣ್ಣುಮಕ್ಕಳು ಈ ಸೀಮೆಯಲ್ಲಿ ಇನ್ನೂ ಎಷ್ಟೋ ಮಂದಿ ಇದ್ದಾರೆ. ಈ ಲೇಖನದ ಸುದ್ದಿ ತಿಳಿದು ಸಖರಾಯಪಟ್ಟಣದಿಂದ ಅಕ್ಕ ಒಂದೇ ಸಾಲಿನ ಕಾಗದ ಬರೆದಿದ್ದಾಳೆ: "ಒಂಬತ್ತು ವರ್ಷದಿಂದ ಈ ಮನೆಯೊಳಗೆ ಯಾರೂ ಬೀಡಿ ಹಚ್ಚಿಲ್ಲ, ನಾನು ಚೆನ್ನಾಗಿ ಉಸಿರಾಡ್ತಾ ಇದೀನಿ ಅಂತ ಮೇಡಂಗೆ ಬರಿ."