ಫಸ್ಟ್ ಕ್ಲಾಸಿನಲ್ಲಿ ಸಂಕಷ್ಟಿ

ನಮ್ಮ ಯಜಮಾನರ ಹಟ ಎಂಥದ್ದು ಅಂತ ಹಲಸೂರು ಕೆರೆಯ ಕಾವಲುಗಾರನನ್ನು ಕೇಳಿ, ಹೇಳುತ್ತಾನೆ. ತಿಂಗಳಿಗೊಮ್ಮೆ ಸಂಕಷ್ಟಿಯ ದಿನ ಇವರದು ಕಟ್ಟುನಿಟ್ಟಿನ ಉಪವಾಸ. ರಾತ್ರಿ ಚಂದ್ರನನ್ನು ಕಣ್ಣಾರೆ ನೋಡಿ, ಗಣಪತಿಗೆ ಕೈಮುಗಿದು, ಆಮೇಲೇ ಊಟ. ಮುಂಚೆ ನಮ್ಮ ತಾರಸಿಯಿಂದಲೇ ಚಂದ್ರ ಕಾಣುತ್ತಿದ್ದ. ಪೂರ್ವದ ಕಡೆ ದೊಡ್ಡದೊಂದು ಅಪಾರ್ಟ್‌ಮೆಂಟ್ ಎದ್ದ ಮೇಲೆ ನಮ್ಮ ಬೀದಿಗೆ ತಡವಾಗಿ ಬರತೊಡಗಿದ. ಕ್ಯಾಲೆಂಡರಿನಲ್ಲಿ ಚಂದ್ರೋದಯದ ಹೊತ್ತು ಅಚ್ಚು ಹಾಕಿದ್ದಾರಲ್ಲ, ಅದನ್ನು ನೋಡಿ ಉಣ್ಣಿ ಅಂದರೆ ಕೇಳುವ ಜನವೇ? ಸ್ಕೂಟರ್ ಹತ್ತಿ ಕೆರೆ ಏರಿಗೆ ಹೋಗಿ ನಿಲ್ಲುತ್ತಾರೆ. ಮೋಡ ಕವಿದರೆ ಮಾತ್ರ ಕ್ಯಾಲೆಂಡರಿಗೆ ಮರ್ಯಾದೆ.

ಇವರು ಕೆ.ಆರ್. ಪುರಂ ಕಡೆಯ ಸರ್ಕಾರಿ ಕಾರ್ಖಾನೆಯಲ್ಲಿ ದುಡಿದು ರಿಟೈರ್ ಆದವರು, ನಾನು ವಿಮೆ ಕಚೇರಿಯಲ್ಲಿದ್ದವಳು. ಇಬ್ಬರೂ ದಾವಣಗೆರೆ ಕಡೆಯವರು, ಆದರೆ ಊಟದ ವಿಷಯದಲ್ಲಿ ಊರಿನ ಮಾನ ಉಳಿಸಿರುವುದು ನಾನೊಬ್ಬಳೇ. ಯಾಕೆ ಈ ಉಪವಾಸ ಅಂತ ಹಿಂದೊಮ್ಮೆ ಕೇಳಿದ್ದಕ್ಕೆ, ಸುಮ್ಮನೆ, ಮನಸ್ಸಿಗೆ ಬಂತು ಅಂದಿದ್ದರು. ಪ್ರಮೋಷನ್‌ಗೆ ಇರಬೇಕು ಅಂದುಕೊಂಡೆ. ಪ್ರಮೋಷನ್ ಬಂತು, ರಿಟೈರ್‌ಮೆಂಟೂ ಬಂತು, ಉಪವಾಸ ಮಾತ್ರ ನಿಲ್ಲಲಿಲ್ಲ. ಗಣಪತಿ ಹತ್ತಿರ ಇನ್ನೂ ಯಾವ ಅರಿಯರ್ಸ್ ಬಾಕಿ ಇದೆ ಅಂತ ನಾನು ಛೇಡಿಸುತ್ತಲೇ ಇದ್ದೆ.

ಹೋದ ವರ್ಷ ಟೂರ್ ಗುಂಪಿನ ಜೊತೆ ಯುರೋಪ್ ನೋಡಿ ಬಂದೆವು. ವಾಪಸ್ ಹೊರಡುವ ದಿನವೇ ಸಂಕಷ್ಟಿ. ಏರ್‌ಪೋರ್ಟಿನ ಸಾಲಿನಲ್ಲಿ ಕೊನೆಯವರು ನಾವೇ. ನಮ್ಮ ಸರದಿ ಬರುವಷ್ಟರಲ್ಲಿ ಸಾದಾ ಸೀಟುಗಳೆಲ್ಲ ಭರ್ತಿ. ಕೌಂಟರಿನ ಹೆಂಗಸು ಕಂಪ್ಯೂಟರನ್ನು ಕುಟ್ಟಿ ಕುಟ್ಟಿ, ಕೊನೆಗೆ ನಿಮ್ಮಿಬ್ಬರನ್ನೂ ಫಸ್ಟ್ ಕ್ಲಾಸಿಗೆ ಹಾಕಿದ್ದೇನೆ, ಹೆಚ್ಚಿಗೆ ಏನೂ ಕೊಡಬೇಕಿಲ್ಲ ಅಂದಳು. ನಮ್ಮ ಗುಂಪಿನವರ ಮುಖ ನೋಡಬೇಕಿತ್ತು. ಒಬ್ಬಾಕೆ ಕಂಗ್ರಾಜುಲೇಷನ್ಸ್ ಅಂದ ರೀತಿ ಸಾವಿನ ಮನೆಗೆ ಬಂದು ಮಾತಾಡಿಸಿದ ಹಾಗಿತ್ತು.

ಒಳಗೆ ಹೋದರೆ ಅಬ್ಬಬ್ಬಾ, ಅದೇನು ಸೀಟೇ! ನಮ್ಮ ಹಾಲ್‌ನ ಸೋಫಾಗಿಂತ ಅಗಲ, ಗುಂಡಿ ಒತ್ತಿದರೆ ಮಂಚ. ಕಿಟಕಿಯದು ಇವರಿಗೆ, ಪಕ್ಕದ್ದು ನನಗೆ. ವಿಮಾನ ಮೇಲೇರಿದ ಮೇಲೆ ನಾನು ಸುಮ್ಮಸುಮ್ಮನೆ ಮಲಗುವುದು, ಏಳುವುದು ಮಾಡುತ್ತಿದ್ದೆ. ಅಷ್ಟರಲ್ಲಿ ಮೆನು ಬಂತು. ಮದುವೆ ಆಲ್ಬಮ್ಮಿನಷ್ಟು ದಪ್ಪ ರಟ್ಟು. ಇವರು ಅದನ್ನು ಪೂರ್ತಿ ಓದಿ, ಮಡಿಚಿ, ನನಗೆ ನೀರು ಸಾಕು ಅಂದರು.

ನನ್ನ ಮೈಯೆಲ್ಲ ಉರಿದುಹೋಯಿತು. ದೇವರು ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರೆ. ಇಲ್ಲಿ ಪೂಜಾರಿಯೂ ಕೊಡುತ್ತಿದ್ದಾನೆ, ಇವರು ಬಾಯಿ ತೆರೆಯಲೊಲ್ಲರು. ನಮ್ಮಂಥವರಿಗೆ ಜೀವಮಾನದಲ್ಲಿ ಮತ್ತೆ ಸಿಗುವ ಊಟವೇ ಇದು? ಬೆಂಗಳೂರಿನ ಚಂದ್ರೋದಯದ ಹೊತ್ತಿಗೆ ಉಂಡುಬಿಡಿ, ಗಣಪತಿ ಬೇಡ ಅನ್ನಲ್ಲ ಅಂತ ಬೇಡಿಕೊಂಡೆ.

“ಮೋಡ ಇದ್ರೆ ಕ್ಯಾಲೆಂಡರ್ ನೋಡ್ಬಹುದು,” ಅಂದರು. “ಇಲ್ಲಿ ಮೋಡ ಎಲ್ಲಾ ಕೆಳಗಿದೆಯಲ್ಲೇ.”

ಈ ಜಗಳ ಕೇಳಿಸಿಕೊಂಡ ಗಗನಸಖಿ ಕಿಸಕ್ಕನೆ ನಕ್ಕಳು. ನೋಡಿದರೆ ಅವಳು ಶಿವಾಜಿನಗರದ ಹುಡುಗಿ, ರಸೆಲ್ ಮಾರುಕಟ್ಟೆಯ ಹಿಂದಿನ ಗಲ್ಲಿಯವಳು. ಈದ್‌ ಚಾಂದ್ ಕಂಡಿತು ಅಂತ ಟಿವಿಯಲ್ಲಿ ಹೇಳಿದರೂ ಅವಳ ಅಜ್ಜ ಒಪ್ಪುವುದಿಲ್ಲವಂತೆ, ತಾನೇ ಮಹಡಿ ಹತ್ತಿ ನೋಡಬೇಕಂತೆ. ಹಾಗಾಗಿ ಅವಳಿಗೆ ನಮ್ಮವರನ್ನು ಅರ್ಥ ಮಾಡಿಸುವ ಕಷ್ಟವೇ ಬರಲಿಲ್ಲ. ಅಂಕಲ್ ಊಟ ನಾನು ತೆಗೆದಿಡ್ತೀನಿ ಅಂದಳು. ಆದರೆ ವಿಮಾನ ಬೆಂಗಳೂರಿಗೆ ಇಳಿಯಲು ಶುರು ಮಾಡಿದರೆ ಊಟ ಕೊಡುವ ಹಾಗಿಲ್ಲ, ಅದರೊಳಗೆ ಚಂದ್ರ ಕಾಣಬೇಕು. ನನಗೆ ಅದೇ ಚಿಂತೆ ಹತ್ತಿತು.

ಚಿಂತೆ ಮಾಡುತ್ತಲೇ ತಿಂದೆ. ಸೂಪು, ತರಾವರಿ ಚೀಸು, ಬಿಸಿ ಬಿಸಿ ಬನ್ನು, ಪನೀರು, ಪಲಾವು. ಒಂದೊಂದು ತಟ್ಟೆ ಬಂದಾಗಲೂ ಇವರು ಇಣುಕಿ ನೋಡಿ, ಚೆನ್ನಾಗಿದೆಯಾ, ಇನ್ನೊಂಚೂರು ಹಾಕಿಸ್ಕೋ ಅನ್ನುವರು. ಹಸಿದ ಮನುಷ್ಯ ಪಕ್ಕದಲ್ಲಿ ಕೂತು ಉಪಚಾರ ಮಾಡಿದರೆ ಗಂಟಲಲ್ಲಿ ಇಳಿಯುತ್ತದೆಯೇ? ಇಳಿಯಿತು, ಅದು ಬೇರೆ ಮಾತು.

ಪೂರ್ವಕ್ಕೆ ಹೋಗುವ ವಿಮಾನವಾದ್ದರಿಂದ ಬೇಗನೆ ಕತ್ತಲಾಯಿತು. ಇವರು ಕಿಟಕಿಗೆ ಕೆನ್ನೆ ಒತ್ತಿ ಕೂತರು. ನಾನು ಒಂದು ನಿದ್ದೆ ತೆಗೆದು ಎದ್ದರೂ ಅದೇ ಭಂಗಿ. ಚಂದ್ರನ ಸುಳಿವಿಲ್ಲ. ಇಳಿಯಲು ಇನ್ನು ಬಹಳ ಹೊತ್ತಿಲ್ಲ ಅನ್ನುವಾಗ ನನಗೆ ಎರಡನೇ ಸಲ ಸಿಹಿ ತಂದಿಟ್ಟ ಹುಡುಗಿ, ಒಳಗೆ ಹೋಗಿ ಪೈಲಟ್‌ಗೆ ಫೋನ್ ಮಾಡಿ ಓಡಿ ಬಂದಳು. ಚಂದ್ರ ಹುಟ್ಟಿದ್ದಾನಂತೆ, ವಿಮಾನದ ಮೂಗಿನ ನೇರಕ್ಕೆ ಕೆಂಪಗೆ ಕಾಣುತ್ತಿದ್ದಾನಂತೆ, ಪೈಲಟ್ ನೋಡಿದರಂತೆ.

“ಅವ್ರು ನೋಡಿದ್ರೆ ಅವ್ರು ಊಟ ಮಾಡ್ಲಿ,” ಅಂದರು ನಮ್ಮವರು. “ನಾನು ನೋಡ್ಬೇಕಲ್ಲಮ್ಮ.”

ಹುಡುಗಿ ಹಣೆ ಚಚ್ಚಿಕೊಂಡು ನಕ್ಕಳು. ಇಷ್ಟೊಂದು ಹಟದಿಂದ ಯಾರಿಗೋಸ್ಕರ ಉಪವಾಸ ಮಾಡ್ತೀರಾ ಅಂಕಲ್ ಅಂತ ಕೇಳಿದಳು. ಪ್ರಮೋಷನ್‌ಗೋಸ್ಕರ ಅಂತ ಹೇಳಲು ನಾನು ಬಾಯಿ ತೆರೆದಿದ್ದೆ, ಬಾಯ್ತುಂಬ ಚಾಕಲೇಟ್ ಪುಡ್ಡಿಂಗ್ ಇತ್ತು. ಇವರು ಕಿಟಕಿ ಕಡೆಯಿಂದ ತಿರುಗದೆಯೇ ಹೇಳಿದರು.

“ಮದುವೆಯಾದ ಹೊಸದ್ರಲ್ಲಿ ಇವಳಿಗೆ ಹೊಟ್ಟೆ ಆಪರೇಷನ್ ಆಯ್ತಮ್ಮ. ಗಂಜಿನೂ ದಕ್ತಿರ್ಲಿಲ್ಲ. ಇವಳು ಮೊದ್ಲಿನ ಹಾಗೆ ಊಟ ಮಾಡೋ ಥರ ಆಗ್ಲಿ, ತಿಂಗಳಿಗೆ ಒಂದಿನ ನಂದು ನಾನು ಬಿಡ್ತೀನಿ ಅಂತ ಹೇಳ್ಕೊಂಡಿದ್ದೆ.”

ನಾನು ಚಮಚ ಕೆಳಗಿಟ್ಟೆ. ಆ ದಿನಗಳು ನನಗೆ ನೆನಪಿವೆ. ಕ್ಯಾಂಟೋನ್ಮೆಂಟ್ ಆಸ್ಪತ್ರೆಯ ಮಂಚದ ಪಕ್ಕ ಇವರು ಗಂಜಿಯ ಲೋಟ ಹಿಡಿದು ನಿಂತಿರುತ್ತಿದ್ದರು, ನಾನು ಮುಖ ತಿರುಗಿಸುತ್ತಿದ್ದೆ. ಇಷ್ಟು ವರ್ಷ ನನ್ನ ಎದುರಿಗೇ ಹಸಿದುಕೊಂಡು, ನನ್ನ ಕೈಲೇ ಛೇಡಿಸಿಕೊಂಡು, ಒಂದು ಮಾತು ಆಡಲಿಲ್ಲವಲ್ಲ ಈ ಮನುಷ್ಯ! ಅಳು ಬಂತು. ಅಳುತ್ತಲೇ ಚೆನ್ನಾಗಿ ಬೈದೆ.

“ಹೇಳಿದ್ರೆ ನೀನೂ ಅವತ್ತು ಊಟ ಬಿಡ್ತಿದ್ದೆ,” ಅಂದರು. “ಆಮೇಲೆ ನನ್ನ ಹರಕೆ ಏನಾಗ್ಬೇಕು? ಮೊದ್ಲು ಅದನ್ನ ತಿನ್ನು.”

ಕಣ್ಣೊರೆಸಿಕೊಂಡು ಪುಡ್ಡಿಂಗ್ ಮುಗಿಸಿದೆ, ಹುಡುಗಿ ಬಟ್ಟಲು ಎತ್ತಿಕೊಂಡಳು. ವಿಮಾನ ಸ್ವಲ್ಪ ವಾಲಿತು. ದಾರಿಯೇ ಅಲ್ಲಿ ತಿರುಗುತ್ತದಂತೆ, ನಮಗಾಗಿ ಯಾರೂ ತಿರುಗಿಸಲಿಲ್ಲ. ಕಿಟಕಿಯ ಅಂಚಿನಿಂದ ಚಂದ್ರ ಮೆಲ್ಲಗೆ ಒಳಕ್ಕೆ ಜರುಗಿದ. ಇವರು ಚಪ್ಪಲಿ ಬಿಟ್ಟು ಎದ್ದು ನಿಂತು, ಕಣ್ಮುಚ್ಚಿ ಕೈಮುಗಿದರು. ಹುಡುಗಿ ಓಡಿಹೋಗಿ ಬಿಸಿ ಊಟ ತಂದು ಬಿಳೀ ಬಟ್ಟೆಯ ಮೇಲೆ ಒಂದೊಂದಾಗಿ ಜೋಡಿಸಿದಳು. ಇವರು ಪಲಾವನ್ನು ಕೈಯಲ್ಲೇ ಕಲಸಿ ಮೊದಲ ತುತ್ತು ಬಾಯಿಗಿಟ್ಟುಕೊಂಡು, ನನ್ನ ಖಾಲಿ ಟೇಬಲ್ಲಿನ ಕಡೆ ನೋಡಿದರು.

ಆಂಟಿ, ನಿಮಗಿನ್ನೇನಾದರೂ ಬೇಕಾ ಅಂತ ಹುಡುಗಿ ಕೇಳಿದಳು. ನನಗೂ ಇನ್ನೊಂದು ಊಟ ಕೊಡಮ್ಮ ಅಂದೆ. ಹೊಟ್ಟೆಯಲ್ಲಿ ಒಂದು ಕಾಳಿಗೂ ಜಾಗ ಇರಲಿಲ್ಲ. ಇವರು ನೋಡುತ್ತಿದ್ದ ಹಾಗೆ ಒಂದಗುಳೂ ಬಿಡದೆ ತಿಂದೆ.